ಬಾಯಿ ಬಿಟ್ಟ ಎಲ್‌ಪಿ ಕವರುಗಳು

12 ಅಕ್ಟೋಬರ್ 2024, ಶನಿವಾರ

ಬೆಳಿಗ್ಗೆಯಿಂದ ಮೇಜಿನ ತುಂಬಾ ಎಲ್‌ಪಿ ಕವರುಗಳೇ, ಅಂದರೆ ಹಾಡಿನ ದೊಡ್ಡ ರೆಕಾರ್ಡುಗಳ ರಟ್ಟಿನ ಹೊದಿಕೆಗಳು. ಕೆಲವಕ್ಕೆ ಮೂಲೆ ನಜ್ಜಾಗಿದೆ. ಒಂದರ ಬೆನ್ನಿನ ಮೇಲಿದ್ದ ಹೆಸರು ಪೂರ್ತಿ ಉದುರಿಹೋಗಿದೆ. ಇನ್ನು ಕೆಲವು ಕೆಳಗಿನ ಅಂಚಿನಲ್ಲಿ ಬಾಯಿ ಬಿಟ್ಟುಕೊಂಡಿವೆ. ಇವತ್ತು ಕೈಗೆತ್ತಿಕೊಂಡದ್ದು ಈ ಬಾಯಿ ಬಿಟ್ಟವನ್ನು ಮಾತ್ರ. ಮಸುಕಾದ ಬಣ್ಣ ಒಂದಷ್ಟು ವರ್ಷ ಕಾಯುತ್ತದೆ. ಸೀಳಿದ ಅಂಚು ಕಾಯುವುದಿಲ್ಲ, ರೆಕಾರ್ಡ್ ತೆಗೆದು ಹಾಕಿದಷ್ಟೂ ಸಲ ಇನ್ನಷ್ಟು ಸೀಳುತ್ತದೆ.

ಹೀಗೆ ಸೀಳುವುದಕ್ಕೆ ಮುಖ್ಯ ಕಾರಣ ಒಳಗಿರುವ ರೆಕಾರ್ಡೇ. 12 ಇಂಚಿನ ಎಲ್‌ಪಿ ಸಾಮಾನ್ಯವಾಗಿ 120ರಿಂದ 180 ಗ್ರಾಂ ತೂಗುತ್ತದೆ. ಅದರ ಅಂಚು ಸಪೂರ, ಗಟ್ಟಿ. ಕವರನ್ನು ಶೆಲ್ಫಿನ ಮೇಲೆ ಒಂದು ಸಲ ಕುಕ್ಕಿದರೂ ಅಷ್ಟು ತೂಕ ಒಂದೇ ಗೆರೆಯ ಮೇಲೆ ಬೀಳುತ್ತದೆ, ರಟ್ಟು ಒಳಗಿನಿಂದ ಸೀಳುತ್ತದೆ. ಅಂಚೆಯಲ್ಲಿ ಬರುವ ರೆಕಾರ್ಡುಗಳಿಗೆ ಆಗುವುದೂ ಇದೇ. ಅದಕ್ಕೇ ಅನುಭವ ಇದ್ದವರು ರೆಕಾರ್ಡನ್ನು ಒಳಚೀಲದ ಸಮೇತ ಹೊರಗೆ ತೆಗೆದು, ಕವರಿನ ಹಿಂದೆ ಇಟ್ಟು ಕಳಿಸುತ್ತಾರೆ. ಕವರಿನ ಮುಖದ ಮೇಲೆ ಮೂಡುವ ದುಂಡು ಗುರುತು, ಅದೇ ರಿಂಗ್ ವೇರ್, ಅದೂ ಇದೇ ರೆಕಾರ್ಡಿನ ಕೆಲಸ. ಬಿಗಿಯಾಗಿ ತುರುಕಿದ ಸಾಲಿನಲ್ಲಿ ಅಂಚು ಒಳಗಿನಿಂದ ರಟ್ಟನ್ನು ಉಬ್ಬಿಸುತ್ತದೆ. ಪಕ್ಕದ ಕವರು ಆ ಉಬ್ಬಿಗೇ ಉಜ್ಜಿ ಉಜ್ಜಿ ಶಾಯಿ ಹೋಗುತ್ತದೆ.

ಈ ಕವರುಗಳ ಮೇಲೆ ನನಗಿರುವ ಪ್ರೀತಿಗೆ ಒಂದು ಕಾರಣ ಇದೆ. 1938ರಲ್ಲಿ ವಿನ್ಯಾಸಕಾರ ಅಲೆಕ್ಸ್ ಸ್ಟೈನ್‌ವೈಸ್ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಕಂಪನಿ ಸೇರುವವರೆಗೂ ರೆಕಾರ್ಡುಗಳು ಬರುತ್ತಿದ್ದದ್ದು ಹೆಚ್ಚಾಗಿ ಮಂಕು ಬಣ್ಣದ, ಚಿತ್ರವಿಲ್ಲದ ಹೊದಿಕೆಯಲ್ಲಿ. ಹಾಡಿಗೂ ಒಂದು ಮುಖ ಇರಲಿ ಎಂದು ಮುಂದಿನ ಒಂದೆರಡು ವರ್ಷಗಳಲ್ಲಿ ಚಿತ್ರದ ಕವರುಗಳನ್ನು ರೂಢಿಗೆ ತಂದವರು ಅವರು. 1948ರಲ್ಲಿ ಎಲ್‌ಪಿ ಬಂತು, ಅದರ ಜೊತೆ ಈ ತೆಳು ರಟ್ಟಿನ ಜಾಕೆಟ್ಟೂ ಬಂತು. ಅಂಗಡಿಯಿಂದ ಮನೆ ತನಕ ಬಂದರೆ ಸಾಕು ಎಂಬ ಲೆಕ್ಕದಲ್ಲಿ ಮಾಡಿದ ವಸ್ತು ಅದು. ಅಗ್ಗದ ರಟ್ಟು, ಅದರಲ್ಲಿ ಆಮ್ಲದ ಅಂಶ, ಮೇಲೊಂದು ಮುದ್ರಿತ ಹಾಳೆ. ಅಂಥದ್ದು ಇಷ್ಟು ದಶಕ ಉಳಿದು ನಮ್ಮ ಕೈಗೆ ಬಂದಿದೆ ಅಂದರೆ ಇನ್ನಷ್ಟು ದಶಕ ಉಳಿಸುವ ಜವಾಬ್ದಾರಿ ನಮ್ಮದೇ ಅಲ್ವಾ?

ಮೊದಲು ಧೂಳು ತೆಗೆಯಬೇಕು. ಕೊಳೆ ಇದ್ದಲ್ಲೇ ಅಂಟು ಹಚ್ಚಿದರೆ ಅದು ಶಾಶ್ವತವಾಗಿ ಅಲ್ಲೇ ಕೂರುತ್ತದೆ. ಮೆತ್ತನೆ ಬ್ರಷ್ಷು, ಆಮೇಲೆ ಅಂಚಿನ ಬಿಳಿ ಜಾಗಕ್ಕೆ ಬಿಳಿ ವಿನೈಲ್ ರಬ್ಬರ್. ಲ್ಯಾಮಿನೇಷನ್ ಇರುವ ಕವರಾದರೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬಹುದು. ಲ್ಯಾಮಿನೇಷನ್ ಇಲ್ಲದ್ದಕ್ಕೆ ನೀರು ಸೋಕಿಸಲೇಬಾರದು.

ಇವತ್ತು ಜಾಸ್ತಿ ಹೊತ್ತು ತಿಂದದ್ದು ಹಳೇ ಸೆಲ್ಲೋಟೇಪು. ಯಾರೋ ಒಳ್ಳೆ ಮನಸ್ಸಿನಿಂದಲೇ ಅಂಟಿಸಿದ್ದಾರೆ. ಆದರೆ ಟೇಪಿನ ಅಂಟು ಸುಮ್ನೆ ಇರುವುದಿಲ್ಲ. ವರ್ಷ ಕಳೆದಂತೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಹಳದಿಯಾಗುತ್ತದೆ, ಮೆತ್ತಗಾಗಿ ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಕೊನೆಗೆ ಪ್ಲಾಸ್ಟಿಕ್ ಪಟ್ಟಿ ತಾನಾಗಿಯೇ ಉದುರಿ ಬರೀ ಕಂದು ಕಲೆ ಉಳಿಯುತ್ತದೆ. ನನ್ನ ಮುಂದಿದ್ದ ಟೇಪು ಇನ್ನೂ ಹಿಡಿದುಕೊಂಡಿತ್ತು. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ದೂರದಿಂದ ಸ್ವಲ್ಪ ಸ್ವಲ್ಪವೇ ಬಿಸಿ ಕೊಟ್ಟೆ. ತುದಿ ಸಡಿಲವಾದಾಗ ತೆಳು ಸ್ಪ್ಯಾಚುಲಾ ಒಳಗೆ ತೂರಿಸಿದೆ. ಇಲ್ಲಿ ಮುಖ್ಯ ಸಂಗತಿ ಎಳೆಯುವ ದಿಕ್ಕು. ಟೇಪನ್ನು ಮೇಲಕ್ಕೆ ಎತ್ತಿದರೆ ಅದರ ಜೊತೆ ಮುದ್ರಿತ ಪದರವೂ ಎದ್ದು ಬರುತ್ತದೆ. ಹಿಂದಕ್ಕೆ ಮಡಚಿ, ಕವರಿಗೆ ತಾಗಿದಂತೆಯೇ, ಇರುವೆ ನಡೆದಷ್ಟು ನಿಧಾನಕ್ಕೆ ಎಳೆಯಬೇಕು. ಒಂದು ಬದಿಗೇ ಅರ್ಧ ಗಂಟೆ ಹಿಡಿಯಿತು. ಉಳಿದ ಜಿಗುಟನ್ನು ಕ್ರೇಪ್ ರಬ್ಬರಿನಿಂದ, ಅಂದರೆ ಅಂಟು ಎತ್ತುವ ರಬ್ಬರ್ ತುಂಡಿನಿಂದ, ಉಂಡೆ ಮಾಡಿ ಎತ್ತಿದೆ. ಹಳದಿ ಕಲೆ ಹೋಗಲಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ. ಕಲೆಯ ಹಿಂದೆ ಬಿದ್ದು ಚಿತ್ರ ಕಳೆದುಕೊಳ್ಳುವುದು ಬೇಡ.

ಇನ್ನು ಸೀಳಿಗೆ ಬೇಕಾದದ್ದು ತೆಳ್ಳನೆ ಜಪಾನೀ ಕಾಗದ. ಕೋಜೋ ಗಿಡದ ತೊಗಟೆಯ ನಾರಿನಿಂದ ಮಾಡಿದ್ದು. ನಾರು ಉದ್ದ, ಅದಕ್ಕೇ ಇಷ್ಟು ತೆಳ್ಳಗಿದ್ದೂ ಹರಿಯುವುದಿಲ್ಲ. ಸುಮಾರು ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ಕತ್ತರಿ ಬೇಡ. ಸ್ಕೇಲ್ ಇಟ್ಟು, ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು, ಕೈಯಿಂದ ಹರಿಯಬೇಕು. ಹರಿದ ಅಂಚಿನಲ್ಲಿ ನಾರು ಎಳೆಎಳೆಯಾಗಿ ಹೊರಗೆ ನಿಲ್ಲುತ್ತದೆ, ಅದು ರಟ್ಟಿನ ಮೇಲೆ ಕರಗಿದಂತೆ ಕೂರುತ್ತದೆ. ಕತ್ತರಿಸಿದ ಅಂಚಾದರೆ ಹೊರಗಡೆ ಒಂದು ಏಣು ಕಾಣುತ್ತದೆ. ಪಟ್ಟಿಯನ್ನು ಉದ್ದಕ್ಕೆ ಮಡಚಿ ಕವರಿನ ಒಳಗಡೆ ಕೂರಿಸಿದೆ. ಅರ್ಧ ಮುಂದಿನ ರಟ್ಟಿಗೆ, ಅರ್ಧ ಹಿಂದಿನ ರಟ್ಟಿಗೆ. ಮಡಿಕೆ ಸರಿಯಾಗಿ ಸೀಳಿನ ಮೇಲೆ.

ಅಂಟಿನ ವಿಷಯದಲ್ಲಿ ನಾನು ಹಟಮಾರಿ. ಪಿವಿಎ, ಅಂದರೆ ಫೆವಿಕಾಲ್ ಥರದ ಬಿಳಿ ಅಂಟು, ಗಟ್ಟಿ ಹಿಡಿಯುತ್ತದೆ, ಬೇಗ ಒಣಗುತ್ತದೆ, ನಿಜ. ಆದರೆ ಒಮ್ಮೆ ಒಣಗಿದ ಮೇಲೆ ಅದನ್ನು ಬಿಡಿಸುವುದು ಬಹಳ ಕಷ್ಟ. ಗೋಧಿ ಪಿಷ್ಟದ ಅಂಟು ಹಾಗಲ್ಲ. ಮುಂದೆ ಯಾರಿಗಾದರೂ ನನಗಿಂತ ಚೆನ್ನಾಗಿ ರಿಪೇರಿ ಮಾಡಲು ಬಂದರೆ, ಸ್ವಲ್ಪ ತೇವ ಕೊಟ್ಟು ನನ್ನ ಪಟ್ಟಿ ಬಿಚ್ಚಿಕೊಳ್ಳಬಹುದು. ಅಂಟು ಗಟ್ಟಿಯಾಗಿಯೇ ಇರಬೇಕು. ನೀರಾದರೆ ರಟ್ಟು ಸೊಟ್ಟಗಾಗುತ್ತದೆ. ಪಟ್ಟಿ ಕೂರಿಸಿ, ಮೇಲೆ ಬೋನ್ ಫೋಲ್ಡರ್ (ಕಾಗದ ಒತ್ತಿ ಕೂರಿಸುವ ನುಣುಪಾದ ಚಪ್ಪಟೆ ಸಾಧನ) ಆಡಿಸಿದೆ. ಮುಂದು ಹಿಂದು ಒಂದಕ್ಕೊಂದು ಅಂಟದಿರಲಿ ಎಂದು ಒಳಗೊಂದು ಬೇಕಿಂಗ್ ಪೇಪರ್ ಹಾಳೆ. ಎರಡೂ ಕಡೆ ಬ್ಲಾಟಿಂಗ್ ಪೇಪರ್, ಮೇಲೆ ಗಾಜಿನ ಫಲಕ, ಅದರ ಮೇಲೆ ದಪ್ಪ ಪುಸ್ತಕಗಳು. ನಾಳೆವರೆಗೂ ಮುಟ್ಟುವ ಹಾಗಿಲ್ಲ.

13 ಅಕ್ಟೋಬರ್ 2024, ಭಾನುವಾರ

ಎಲ್ಲವೂ ಚಪ್ಪಟೆಯಾಗಿ ಒಣಗಿವೆ. ಹೊರಗಿನಿಂದ ಸೀಳಿನ ಗೆರೆ ಕೂದಲೆಳೆಯಷ್ಟು ಕಾಣುತ್ತದೆ. ಒಳಗೆ ಬೆರಳು ಆಡಿಸಿದರೆ ಪಟ್ಟಿ ಗೊತ್ತಾಗುತ್ತದೆ. ಗೊತ್ತಾಗಲಿ. ಬಿಳಿ ಬಿದ್ದ ಅಂಚಿಗೆ, ರಿಂಗ್ ವೇರ್ ಮೇಲೆ ಮಾರ್ಕರಿನಿಂದ ಬಣ್ಣ ತುಂಬುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಾರ್ಕರಿನ ಶಾಯಿ ರಟ್ಟಿನೊಳಕ್ಕೆ ಇಳಿದರೆ ಮತ್ತೆ ತೆಗೆಯಲಾಗದು. ಕೆಲವು ವರ್ಷಕ್ಕೆ ಕಪ್ಪೇ ನೇರಳೆಗೆ ತಿರುಗಬಹುದು. ಮಾರುವಾಗ ಹೇಳದೇ ಹೋದರೆ ಕೊಳ್ಳುವವರಿಗೆ ಮಾಡಿದ ಮೋಸವೂ ಹೌದು.

ಹೊರಚೀಲಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್. ದಪ್ಪನೆಯ, ಮೆತ್ತನೆಯ ಪಿವಿಸಿ ಚೀಲ ನೋಡುವುದಕ್ಕೆ ಚೆಂದ, ಆದರೆ ಬೇಡವೇ ಬೇಡ. ಅದನ್ನು ಮೆತ್ತಗೆ ಮಾಡಲು ಸೇರಿಸಿದ ರಾಸಾಯನಿಕ ನಿಧಾನಕ್ಕೆ ಹೊರಬಂದು ಕವರಿಗೆ ಅಂಟಿಕೊಳ್ಳುತ್ತದೆ, ರೆಕಾರ್ಡಿನ ಮೇಲೂ ಮಂಜು ಕವಿದಂತೆ ಮಾಡುತ್ತದೆ. ರಿಪೇರಿಯಾದ ಕವರಿನೊಳಗೆ ರೆಕಾರ್ಡ್ ವಾಪಸ್ ಹಾಕಲಿಲ್ಲ. ಹೊಸ ಒಳಚೀಲದಲ್ಲಿ ಹಾಕಿ, ಅದೇ ಹೊರಚೀಲದೊಳಗೆ ಕವರಿನ ಹಿಂದೆ ಇಟ್ಟೆ. ರಿಪೇರಿಗಿಂತ ಇದೇ ದೊಡ್ಡ ಕೆಲಸ. ಸೀಳಿದ್ದು ಯಾವುದೋ ಅದನ್ನೇ ಮತ್ತೆ ಒಳಗೆ ಕೂರಿಸಿದರೆ ಪಟ್ಟಿ ಎಷ್ಟು ದಿನ ತಡೆದೀತು?

ಶೆಲ್ಫಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ವಾಲಿದರೆ ರೆಕಾರ್ಡೂ ಬಾಗುತ್ತದೆ, ಕವರೂ ಬಾಗುತ್ತದೆ. ಒಂದು ಮೀಟರ್ ಉದ್ದದ ಸಾಲು ಸುಮಾರು 50 ಕೆ.ಜಿ. ತೂಗುತ್ತದೆ, ಹಾಗಾಗಿ ಹಲಗೆ ಗಟ್ಟಿಯಿರಲಿ, ನಡುನಡುವೆ ಅಡ್ಡಪಟ್ಟಿ ಇರಲಿ. ಬಿಸಿಲು ಬೀಳಬಾರದು. ಗಾಳಿಯ ತೇವಾಂಶ ಶೇ. 30ರಿಂದ 50ರೊಳಗೆ ಇದ್ದರೆ ಒಳ್ಳೆಯದು, 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುವ ಭಯ.

ಪ್ರತಿ ಹೊರಚೀಲದಲ್ಲೂ ಆಮ್ಲರಹಿತ ಕಾಗದದ ಒಂದು ಚೀಟಿ ಹಾಕಿದ್ದೇನೆ. ಪೆನ್ಸಿಲಿನಲ್ಲಿ ಬರೆದದ್ದು: ತಾರೀಖು, ಯಾವ ಅಂಚು, ಯಾವ ಕಾಗದ, ಯಾವ ಅಂಟು. ಬೂಷ್ಟು ಹಿಡಿದ ಎರಡು ಕವರುಗಳು ಬೇರೆ ಡಬ್ಬಿಯಲ್ಲಿವೆ. ಅವನ್ನು ಮಾಸ್ಕ್ ಹಾಕಿಕೊಂಡು ಹೊರಗೆ ಕೂತು ಬ್ರಷ್ ಮಾಡಬೇಕು, ಮಳೆ ಬಿಟ್ಟ ದಿನ.