ಡಿಫ್ ಕೂರಿಸ್ಲಿಕ್ಕೆ ಯಾವ ಬೋಲ್ಟ್? 12.9ರ ಹುಚ್ಚು ಬಿಡಿ ಮಾರಾಯ್ರೆ

ಮನೆ ಹಿಂದಿನ ಶೆಡ್ಡಲ್ಲಿ ಕಾರ್ ಕಟ್ತೇನೆ ಅಂತ ಹೊರಟವರೆಲ್ಲ ಡಿಫರೆನ್ಶಿಯಲ್ (ಡಿಫ್, ಅಂದ್ರೆ ಎಂಜಿನ್ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಹತ್ರ ಬಂದಾಗ ಕೇಳುದು ಒಂದೇ ಪ್ರಶ್ನೆ, ಅದನ್ನು ಚಾಸಿಗೆ ಕೂರಿಸ್ಲಿಕ್ಕೆ 10.9 ಬೋಲ್ಟ್ ಹಾಕ್ಲಾ ಇಲ್ಲ ಸೀದಾ 12.9ಕ್ಕೆ ಹೋಗ್ಲಾ ಅಂತ. ಈ ನಂಬರು ಬೋಲ್ಟಿನ ಗಟ್ಟಿತನದ ದರ್ಜೆ, ಹೆಚ್ಚಾದಷ್ಟು ಗಟ್ಟಿ. 8.8 ಅಂದ್ರೆ ಮುಖ ಸಣ್ಣ ಮಾಡ್ತಾರೆ. ನನ್ನ ಕಾರಲ್ಲಿ ನಾಲ್ಕೂ ಕಡೆ ಎಂ12 (ಅಂದ್ರೆ 12 ಎಂಎಂ ದಪ್ಪ), 8.8, ಮತ್ತೆ ನಂಗೆ ಅದ್ರಲ್ಲಿ ಒಂಚೂರೂ ಹೆದರಿಕೆ ಇಲ್ಲ. ಯಾಕೆ ಅಂತ ಬರೀತೇನೆ, ಸ್ವಲ್ಪ ಲೆಕ್ಕ ಉಂಟು, ಓಡಿ ಹೋಗ್ಬೇಡಿ.

ಕಾರ್ ಅಂದ್ರೆ ದೊಡ್ಡದೆಂತ ಅಲ್ಲ. ಪೈಪ್ ಚಾಸಿ, ಜಿಪ್ಸಿಯ 1.3 ಎಂಜಿನ್, ಗುಜರಿಯಲ್ಲಿ ಸಿಕ್ಕಿದ ಒಂದು ಹಳೆ ಜರ್ಮನ್ ಸೆಡಾನಿನ ಡಿಫ್, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ರೋಡಿಗೆ ತರ್ಲಿಕ್ಕೆ ಅಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿ ಮಾರ್ಪಾಡಿನ ನಿಯಮ) ಬಗ್ಗೆ ಕಮೆಂಟಲ್ಲಿ ಪಾಠ ಮಾಡ್ಬೇಡಿ, ಗೊತ್ತುಂಟು.

ಈಗ ಲೆಕ್ಕ. ಎಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ, ಅಳೆಯುದು ನ್ಯೂಟನ್ ಮೀಟರಲ್ಲಿ) 103 ಎನ್‌ಎಂ. ಫಸ್ಟ್ ಗೇರ್ ಮೂರೂವರೆ ಪಟ್ಟು, ಡಿಫ್ ಒಳಗಿನ ಕ್ರೌನ್ ಪಿನಿಯನ್ ಗೇರ್ ನಾಲ್ಕು ಪಟ್ಟು ಅಂತ ಇಟ್ಕೊಂಡ್ರೆ ಆಕ್ಸಲಿಗೆ ಬರುದು 1440 ಎನ್‌ಎಂ ಹತ್ರ ಹತ್ರ. ಆದ್ರೆ ಅಷ್ಟು ಟಾರ್ಕನ್ನು ಟಯರ್ ರೋಡಿಗೆ ಇಳಿಸ್ಬೇಕಲ್ಲ! ಹಿಂದಿನ ಆಕ್ಸಲ್ ಮೇಲೆ 400 ಕೇಜಿ ಇದ್ರೆ, ಟಯರಿನ ರೇಡಿಯಸ್ 28 ಸೆಂಟಿಮೀಟರ್ ಇದ್ರೆ, ಒಳ್ಳೆ ಒಣ ಟಾರಲ್ಲೂ 1100 ಎನ್‌ಎಂ ದಾಟ್ಲಿಕ್ಕಿಲ್ಲ, ಅದಕ್ಕಿಂತ ಮೇಲೆ ಹೋದ್ರೆ ಟಯರೇ ಜಾರ್ತದೆ. ಹಾಗಾಗಿ ಡಿಫ್ ಮೂತಿ ಎತ್ತಿ ತಿರುಗ್ಲಿಕ್ಕೆ ನೋಡುದು ಆ 1100ರ ಶಕ್ತಿಯಲ್ಲಿ. ಮುಂದಿನ ಜೋಡಿ ಬೋಲ್ಟಿಗೂ ಹಿಂದಿನ ಜೋಡಿಗೂ ನಡುವೆ 25 ಸೆಂಟಿಮೀಟರ್ ಇರುದ್ರಿಂದ ಒಂದೊಂದು ಜೋಡಿಗೆ 450 ಕೇಜಿ, ಒಂದೊಂದು ಬೋಲ್ಟಿಗೆ 225. ಎಂಜಿನ್ ಕಡೆಯಿಂದ ಡಿಫಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಅಡ್ಡಕ್ಕೆ ತಿರುಚುದು ಬೇರೆ ಉಂಟು, ಅದನ್ನೂ ಸೇರಿಸಿ 300 ಇಟ್ಕೊಳ್ಳುವ. ಕ್ಲಚ್ ದಡಕ್ಕನೆ ಬಿಡುವ ಜನ ಇದ್ದಾರೆ, ಅದಕ್ಕೆ ಡಬಲ್ ಮಾಡಿ, 600 ಕೇಜಿ.

ಒಂದು ಎಂ12 8.8 ಬೋಲ್ಟಿನ ಶ್ಯಾಂಕನ್ನು (ಥ್ರೆಡ್ ಇಲ್ಲದ ನುಣುಪು ಭಾಗ) ಒಂದು ಕಡೆ ಕತ್ತರಿಸ್ಲಿಕ್ಕೇ ಐದು ಟನ್ ಮೇಲೆ ಬೇಕು. ನಮ್ದು ಎರಡು ಪ್ಲೇಟಿನ ನಡುವೆ ಕೂತ ಬುಷ್ (ಬೋಲ್ಟ್ ತೂರುವುದು ಅದರ ಒಳಗಿನ ಕೊಳವೆಯಲ್ಲಿ, ಅದೇ ಸ್ಲೀವ್), ಅಂದ್ರೆ ಎರಡು ಕಡೆ ಕತ್ತರಿಸ್ಬೇಕು, ಹತ್ತು ಟನ್ ದಾಟ್ತದೆ. 600 ಕೇಜಿ ಎಲ್ಲಿ, ಹತ್ತು ಟನ್ ಎಲ್ಲಿ. ಬೋಲ್ಟ್ ತುಂಡಾಗುದು ನಮ್ಮ ಸಮಸ್ಯೆಯೇ ಅಲ್ಲ.

ಸಮಸ್ಯೆ ಇರುದು ಹಿಡಿತದಲ್ಲಿ. ಬೋಲ್ಟ್ ಬಿಗಿ ಮಾಡಿದಾಗ ಅದು ಸ್ವಲ್ಪ ಎಳೆದು ಉದ್ದ ಆಗಿ ಎರಡೂ ಪ್ಲೇಟನ್ನು ಬುಷ್ಷಿನ ಒಳಗಿನ ಸ್ಲೀವಿಗೆ ಒತ್ತಿ ಹಿಡೀತದಲ್ಲ, ಭಾರ ಹೊರುದು ಆ ಒತ್ತಡದಲ್ಲಿ ಹುಟ್ಟುವ ಘರ್ಷಣೆ. ಎಂ12 8.8 ಸರಿಯಾಗಿ ಬಿಗಿ ಆದ್ರೆ ಮೂರೂವರೆ ಟನ್ ಮೇಲೆ ಒತ್ತುತ್ತದೆ, ಆಗ ಎರಡು ಮುಖ ಸೇರಿ 1100 ಕೇಜಿ ತನಕ ಪ್ಲೇಟ್ ಅಲ್ಲಾಡ್ಲಿಕ್ಕಿಲ್ಲ. ತಮಾಷೆ ಎಂತ ಅಂದ್ರೆ ಎಂ10 10.9 ಹಾಕಿದ್ರೂ ಒತ್ತಡ ಹೆಚ್ಚು ಕಮ್ಮಿ ಅಷ್ಟೇ. ನಾನು ಎಂ12 ತಗೊಂಡದ್ದು ಬುಷ್ ಸ್ಲೀವಿನ ತೂತೇ 12 ಅಂತ, ಬೇರೆ ಶಾಸ್ತ್ರ ಎಂತದೂ ಇಲ್ಲ.

ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ್ರೆ ಮೊದ್ಲು ಹೇಳುದು "ಎಸ್‌ಎಸ್ ತಗೊಳ್ಳಿ ಸರ್, ದಕ್ಕೆಯ ಬೋಟಿನವರೆಲ್ಲ ಅದನ್ನೇ ತಗೊಂಡು ಹೋಗುದು, ತುಕ್ಕೇ ಇಲ್ಲ". ತುಕ್ಕು ಇಲ್ಲ ಸರಿ, ಆದ್ರೆ ಮಾಮೂಲಿ ಎ2-70 ಸ್ಟೇನ್‌ಲೆಸ್ 450 ಮೆಗಾಪಾಸ್ಕಲಿಗೇ ಸೋತು ಉದ್ದ ಆಗ್ಲಿಕ್ಕೆ ಶುರು, 8.8 ತಡೀತದೆ 640 ತನಕ. ಮತ್ತೆ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟ್ ಮೇಲೆ ಬಿಗಿ ಮಾಡುವಾಗ ಅರ್ಧದಲ್ಲೇ ಕಚ್ಚಿ ಜಾಮ್ ಆದ್ರೆ ಗ್ರೈಂಡರೇ ಗತಿ. ಡಿಫಿಗೆ ಬೇಡ.

12.9 ಅಂದ್ರೆ ನಮ್ಮಲ್ಲಿ ಸಿಗುದು ಹೆಚ್ಚಾಗಿ ಕಪ್ಪು ಅಲೆನ್ ಬೋಲ್ಟು. ಆ ಕಪ್ಪು ಬಣ್ಣ ಎಣ್ಣೆ ಇರುವ ತನಕ ಮಾತ್ರ, ಸುರತ್ಕಲ್ ಕಡಲ ಗಾಳಿಗೆ ಒಂದು ಮಳೆಗಾಲ ಇಟ್ಟು ನೋಡಿ. ಹಾಗಂತ ಜಿಂಕ್ ಪ್ಲೇಟಿಂಗ್ ಮಾಡಿಸ್ಲಿಕ್ಕೆ ಕೊಡ್ಬೇಡಿ ಮಾರಾಯ್ರೆ! ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಅಷ್ಟು ಗಟ್ಟಿ ಉಕ್ಕಿನ ಒಳಗೆ ಹೋಗಿ ಕೂತ್ಕೊಳ್ತದೆ, ಬಿಗಿ ಮಾಡಿ ಇಟ್ಟ ಬೋಲ್ಟು ಗಂಟೆಗಳೋ ದಿನಗಳೋ ಕಳೆದು ಯಾರೂ ಮುಟ್ಟದೆ ಟಪ್ ಅಂತ ತಲೆ ಉದುರಿಸ್ತದೆ. 8.8ಕ್ಕೆ ಆ ರಗಳೆ ಇಲ್ಲ, ಜಿಂಕ್ ಇದ್ದದ್ದೇ ತಗೊಂಡು ಬಿಗಿ ಆದ ಮೇಲೆ ಹೊರಗಿಂದ ಗ್ರೀಸ್ ಬಳಿದ್ರೆ ಸಾಕು. ತಲೆ ಮೇಲೆ ಕಂಪನಿ ಗುರ್ತು ಮತ್ತೆ 8.8 ಎರಡೂ ಒತ್ತಿರ್ಬೇಕು, ಅಷ್ಟು ನೋಡಿ. ಏನೂ ಇಲ್ಲದ ಬೋಲ್ಟು ಗೇಟಿಗೆ ಆಗ್ತದೆ.

ನಿಜಕ್ಕೂ ತಲೆ ಕೆಡಿಸ್ಕೊಳ್ಬೇಕಾದ್ದು ಉದ್ದದ ಬಗ್ಗೆ. ನನ್ನ ಸ್ಲೀವ್ 60 ಎಂಎಂ, ಎರಡು ಕಡೆ 5 ಎಂಎಂ ಪ್ಲೇಟ್, ಎರಡು ವಾಷರ್ ಎರಡೂವರೆ ಎರಡೂವರೆ, ಒಟ್ಟು 75. ಎಂ12 ಅರ್ಧ ಥ್ರೆಡ್ ಬೋಲ್ಟಲ್ಲಿ ಥ್ರೆಡ್ 30 ಎಂಎಂ ಇರ್ತದೆ. 100ರ ಬೋಲ್ಟ್ ಹಾಕಿದ್ರೆ ಶ್ಯಾಂಕ್ 70, ಅದ್ರಲ್ಲೂ ಕೊನೆಯ ಸ್ವಲ್ಪ ಭಾಗ ಥ್ರೆಡ್ ಮುಗಿಯುವ ಜಾಗ, ಅಂದ್ರೆ ಸ್ಲೀವು ಪ್ಲೇಟು ಸೇರುವಲ್ಲೇ ಥ್ರೆಡ್ ಬಂದು ಕೂರ್ತದೆ, ಅದು ಬೇಡ. ಸರಿ, 110 ಹಾಕುವ ಅಂದ್ರೆ ಶ್ಯಾಂಕ್ 80, ನಟ್ಟು ಹೋಗಿ ಶ್ಯಾಂಕಿಗೇ ಬಡಿದು ನಿಲ್ತದೆ, ಟಾರ್ಕ್ ರೆಂಚ್ ಟಿಕ್ ಅಂತದೆ, ಒಳಗೆ ಪ್ಲೇಟ್ ಮಾತ್ರ ಸಡಿಲ. ಇದು ಭಯಂಕರ, ಹೊರಗಿಂದ ಗೊತ್ತೇ ಆಗುದಿಲ್ಲ.

ಅದಕ್ಕೆ ಯೆಯ್ಯಾಡಿಯಲ್ಲಿ ಒಂದು ಲೇತಿನವರ ಹತ್ರ ಇಎನ್8 ಉಕ್ಕಿನ ರಾಡಲ್ಲಿ 10 ಎಂಎಂ ದಪ್ಪದ ವಾಷರ್ ಮಾಡಿಸಿದೆ. "ಎಂತಕ್ಕೆ ಮಾರಾಯ ಇಷ್ಟು ದಪ್ಪ, ರೋಡ್ ರೋಲರಿಗಾ?" ಕೇಳಿದ್ರು. "ಅಲ್ಲ ಅಣ್ಣ, ಡಿಫ್ ಬೋಲ್ಟಿಗೆ" ಅಂದೆ, ಅವರು ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಶ್ಯಾಂಕ್ ಮುಗಿಯುವಲ್ಲಿ ಉಗುರಿಟ್ಟು ನೋಡಿ ಎಂತದೂ ಹೇಳದೆ ಲೇತಿನ ಚಕ್ಕಿಗೆ ರಾಡ್ ಕಟ್ಟಿದ್ರು. ಎರಡೂ ಮುಖ ಸಮಾಂತರ ಇರ್ಬೇಕು ಅಂತ ನಾನು ಹೇಳುವ ಮೊದ್ಲೇ ಅವರೇ ಮಾಡಿ ಕೊಟ್ರು. ಅದು ನಟ್ಟಿನ ಕಡೆ ಎರಡೂವರೆಯ ವಾಷರಿನ ಬದ್ಲು ಕೂತು ಒಟ್ಟು 82.5 ಆಯ್ತು, 110ರ ಬೋಲ್ಟು ಸರಿ ಹೊಂದಿತು.

ವಾಷರ್ ಬೇಡ ಅನ್ನುವವರೂ ಉಂಟು. ಎಂ12 ತಲೆ ಅಡಿಯ ಜಾಗ ಎಷ್ಟು ಸಣ್ಣದು ಅಂದ್ರೆ ಅಷ್ಟೂ ಒತ್ತಡ ಅದ್ರ ಮೇಲೇ ಬಂದ್ರೆ ಮಾಮೂಲಿ ಎಂಎಸ್ (ಮೆದು ಉಕ್ಕು) ಪ್ಲೇಟ್ ತಗ್ಗಿ ಹೋಗ್ತದೆ, ತಗ್ಗಿದಷ್ಟು ಬೋಲ್ಟ್ ಸಡಿಲ. ಪೇಂಟ್ ಕತೆಯೂ ಅದೇ. ತುಕ್ಕಿಗೆ ಹೆದರಿ ನಾವು ಪ್ಲೇಟ್ ಪೂರ್ತಿ ಮೂರು ಕೋಟ್ ಹೊಡೀತೇವೆ, ಆದ್ರೆ ಸ್ಲೀವ್ ಕೂರುವ ಮುಖಕ್ಕೆ ದಪ್ಪ ಪೇಂಟ್ ಇರ್ಬಾರ್ದು, ಅದು ನಿಧಾನಕ್ಕೆ ಹಿಂಡಿ ಹೋಗಿ ಹಿಡಿತ ಕಮ್ಮಿ ಮಾಡ್ತದೆ.

ಟಾರ್ಕ್ 85 ಎನ್‌ಎಂ, ಒಣ ಥ್ರೆಡ್ಡಿಗೆ. ಎಣ್ಣೆ ಹಾಕಿ ಅದೇ 85 ಕೊಟ್ರೆ ಬೋಲ್ಟ್ ಮೂರರಲ್ಲಿ ಒಂದು ಪಾಲು ಜಾಸ್ತಿಯೇ ಎಳೆಯಲ್ಪಟ್ಟು ಪ್ರೂಫ್ ಲೋಡ್ (ಬೋಲ್ಟ್ ಶಾಶ್ವತವಾಗಿ ಉದ್ದ ಆಗದೆ ತಡೆಯುವ ಮಿತಿ) ಹತ್ರ ಹೋಗಿ ನಿಲ್ತದೆ, ಹಾಗಾಗಿ ಎಣ್ಣೆ ಹಾಕುದಾದ್ರೆ ಟಾರ್ಕ್ ಇಳಿಸಿ. ಸ್ಪ್ರಿಂಗ್ ವಾಷರ್ ನಾನು ಹಾಕ್ಲಿಲ್ಲ. ಜರ್ಮನಿಯ ಜುಂಕರ್ 1969ರಲ್ಲೇ ತೋರಿಸಿದ್ದಾರೆ, ನಟ್ಟು ಬಿಚ್ಚುದು ಅಡ್ಡಕ್ಕೆ ಜಾರುವ ಅಲುಗಾಟಕ್ಕೆ, ಅದಕ್ಕೆ ಸ್ಪ್ರಿಂಗ್ ವಾಷರಿಂದ ಎಂತ ಪ್ರಯೋಜನವೂ ಇಲ್ಲ. ನೈಲಾಕ್ ನಟ್ (ಒಳಗೆ ನೈಲಾನ್ ರಿಂಗ್ ಇರುವ ನಟ್) ಹಾಕಿದ್ದೇನೆ, ಬಿಚ್ಚಿದ್ರೆ ಹೊಸತೇ ಹಾಕುದು, ಎಷ್ಟು ರೂಪಾಯಿಯ ವಿಷಯ ಅದು. ನಟ್ಟಿಂದ ಪ್ಲೇಟಿಗೆ ಹಳದಿ ಪೇಂಟಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ, ಗಾಡಿ ಓಡಿಸಿ ಬಂದ ಮೇಲೆ ಕೆಳಗೆ ಬಗ್ಗಿ ಟಾರ್ಚ್ ಹಾಕಿದ್ರೆ ನಾಲ್ಕೂ ಒಂದೇ ನೋಟಕ್ಕೆ ಗೊತ್ತಾಗ್ತದೆ.