ವೈರಿನ ಇಯರ್‌ಫೋನ್ ಯಾರು ಹಾಕ್ತಾರೆ ಈಗ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಮೊಬೈಲ್ ಸಾಮಾನಿನ ಅಂಗಡಿಗಳ ಮುಂದೆ ವೈರಿನ ಇಯರ್‌ಫೋನ್‌ಗಳು ಇನ್ನೂ ಸಾಲಾಗಿ ನೇತಾಡುತ್ತವೆ. ತಗೊಳ್ಳೋರು ಇಲ್ಲದೆ ಸುಮ್ನೆ ನೇತು ಹಾಕ್ತಾರಾ?

2016ರಲ್ಲಿ ಆಪಲ್‌ನವರು ಐಫೋನ್ 7ರಲ್ಲಿ 3.5 ಎಂಎಂ ಜ್ಯಾಕ್, ಅಂದರೆ ವೈರಿನ ಇಯರ್‌ಫೋನ್ ಚುಚ್ಚುವ ತೂತು, ತೆಗೆದರು. ಆಗ ನಕ್ಕ ಕಂಪನಿಗಳೇ ಆಮೇಲೆ ತಾವೂ ತೆಗೆದವು. ಈಗ ಜ್ಯಾಕ್ ಜಾಸ್ತಿ ಕಾಣೋದು ಕಡಿಮೆ ಬೆಲೆಯ ಫೋನ್‌ಗಳಲ್ಲೇ.

ನಾನಂತೂ ವೈರಿನ ಕಡೆಯವನು. ಚಾರ್ಜ್ ಮಾಡುವ ತಲೆನೋವಿಲ್ಲ. ಬೀದರ್ ರೈಲಿನಲ್ಲಿ ಕಿವಿಯಿಂದ ಜಾರಿದರೂ ಎದೆ ಮೇಲೆ ನೇತಾಡುತ್ತದೆ, ಸೀಟಿನ ಕೆಳಗೆ ಬಗ್ಗಿ ಹುಡುಕಬೇಕಿಲ್ಲ. ಗೇಮ್ ಆಡುವಾಗ ಬ್ಲೂಟೂತ್‌ನಲ್ಲಿ ಸದ್ದು ಒಂಚೂರು ತಡವಾಗಿ ಬರುತ್ತದೆ, ಗಮನಿಸಿದ್ದೀರಾ? ವೈರಿನಲ್ಲಿ ಆ ರಗಳೆ ಇಲ್ಲ.

ನಮ್ಮಪ್ಪನದು ಬೇರೆಯೇ ಲೆಕ್ಕ. ಅವರಿಗೆ ಇಯರ್‌ಫೋನ್ ಕಿವಿಗಲ್ಲ, ರೇಡಿಯೋಗೆ. ಫೋನಿನ ಎಫ್‌ಎಂಗೆ ಆ ವೈರೇ ಆಂಟೆನಾ. ಫೋನಿಗೆ ಚುಚ್ಚಿ, ವೈರನ್ನು ಕಿಟಕಿ ಸರಳಿಗೆ ಸುತ್ತಿ, ಸ್ಪೀಕರ್ ಆನ್ ಮಾಡಿ ಮಂಚದ ಮೇಲೆ ಕೂರುತ್ತಾರೆ. ಕರಕರ ಅಂದರೆ ಎದ್ದು ವೈರನ್ನು ಇನ್ನೊಂದು ಸರಳಿಗೆ ಸುತ್ತುತ್ತಾರೆ. ಬ್ಲೂಟೂತ್ ಮಾರುವವರು ಇದಕ್ಕೆ ಏನು ಹೇಳ್ತಾರೋ.

ವೈರಿನದೂ ಕಾಟ ಇದೆ, ಇಲ್ಲ ಅನ್ನಲ್ಲ. ಜೇಬಿಗೆ ನೆಟ್ಟಗೆ ಹಾಕಿದ್ದು ಹೊರಗೆ ಬರುವಾಗ ಗಂಟೋ ಗಂಟು. ಪಿನ್ನಿನ ಬುಡದಲ್ಲಿ ವೈರ್ ಬಗ್ಗಿ ಬಗ್ಗಿ ಒಳಗೆ ತುಂಡಾದರೆ ಒಂದೇ ಕಿವಿಗೆ ಹಾಡು. ಆದರೂ ಹೊಸ ಫೋನ್ ಕೊಳ್ಳುವಾಗ ನಾನು ಮೊದಲು ನೋಡೋದು ಜ್ಯಾಕ್ ಇದೆಯಾ ಅಂತ. ಕ್ಯಾಮೆರಾ ಆಮೇಲೆ. ನೀವು?