ಲಾಯರಮ್ಮನ ಕಾಲರಿಗೆ ಹತ್ತಿದ ಸನ್‌ಸ್ಕ್ರೀನ್

ಹೆಣ್ಣು ವಕೀಲರ ಉಡುಪಿನ ಬಗ್ಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಬಿಳಿ ಕಾಲರ್ ಗಟ್ಟಿಯದಾದರೂ ಆಗಬಹುದು, ಮೆತ್ತಗಿನದಾದರೂ ಆಗಬಹುದು, ಜೊತೆಗೆ ಕತ್ತಿಗೆ ಕಟ್ಟೋ ಬಿಳಿ ಬ್ಯಾಂಡ್ ಇರಬೇಕು ಅಂತಿದೆ. ಎಷ್ಟು ಬಿಳಿ ಅಂತ ಬರೆದಿಲ್ಲ. ಬರೆಯೋ ಅಗತ್ಯವೂ ಇಲ್ಲ ಬಿಡಿ, ಕರಿ ಕೋಟಿನ ಪಕ್ಕ ಇಟ್ಟರೆ ಕಿರುಬೆರಳ ಉಗುರಿನಷ್ಟು ಕಂದು ಕಲೆಯೂ ಎದುರು ಪಕ್ಷದ ವಕೀಲರಿಗೆ ಕಾಣುತ್ತೆ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕೋಟಿಗೆ ವಿನಾಯಿತಿ ಕೊಟ್ಟಿದ್ದಾರೆ, ಬ್ಯಾಂಡಿಗೆ ಕೊಟ್ಟಿಲ್ಲ. ಬೆವರು, ಸನ್‌ಸ್ಕ್ರೀನ್, ಬಿಳಿ ಬಟ್ಟೆ ಮೂರೂ ಸೇರೋದು ಕತ್ತಿನ ಹತ್ತಿರವೇ.

ನಾನು ಹಚ್ಚೋದು ಟಿಂಟೆಡ್ ಸನ್‌ಸ್ಕ್ರೀನ್, ಅಂದರೆ ಚರ್ಮದ ಬಣ್ಣ ಬೆರೆಸಿರೋದು. ಶೋಕಿಗಲ್ಲ. ಎರಡೂ ಕೆನ್ನೆ ಮೇಲೆ ಬಂಗು ಇದೆ. ಬಂಗು ಹೆಚ್ಚಾಗೋದಕ್ಕೆ ಅಲ್ಟ್ರಾವಯೊಲೆಟ್ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣೋ ಮಾಮೂಲಿ ಬೆಳಕೂ ಕಾರಣ. ಬಿಳಿ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯಲ್ಲ, ಬಣ್ಣದ್ದರಲ್ಲಿರೋ ಐರನ್ ಆಕ್ಸೈಡ್ ತಡೆಯುತ್ತೆ. ಹಾಗಾಗಿ ಡಾಕ್ಟರು "ಬಣ್ಣ ಇರೋದನ್ನೇ ಹಚ್ಚಿ, ಕತ್ತಿಗೂ ಬಿಡಬೇಡಿ" ಅಂದರು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಸೆಂಟ್ರಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಸಿಟಿ ಸಿವಿಲ್ ಕೋರ್ಟಿಗೆ ನಡೆಯೋ ಹೊತ್ತಿಗೆ ಆ ಕತ್ತಿನದ್ದು ಅರ್ಧ ಕಾಲರಿಗೆ ವರ್ಗಾವಣೆ ಆಗಿರುತ್ತೆ.

"ಅದೇನೇ ಅದು, ಮುಖಕ್ಕೆ ಗೋಡೆ ಬಣ್ಣ ಬಳ್ಕೊಂಡು ಹೋಗ್ತೀಯ" ಅಂತಾರೆ ಅತ್ತೆ. ತಮಾಷೆ ಏನೆಂದರೆ, ಅವರು ಹೇಳೋದು ಅಕ್ಷರಶಃ ನಿಜ. ಟ್ಯೂಬಿನ ಹಿಂದೆ ಇರುವೆ ಸಾಲಿನ ಅಕ್ಷರದಲ್ಲಿ ಸಿಐ 77491, 77492, 77499 ಅಂತ ಇರುತ್ತೆ ನೋಡಿ. ಸಿಐ ಅಂದರೆ ಕಲರ್ ಇಂಡೆಕ್ಸ್, ಬಣ್ಣಗಳಿಗೆ ಕೊಟ್ಟಿರೋ ನಂಬರು. ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ಪಕ್ಕದಲ್ಲೇ 77891 ಇದ್ದರೆ ಅದು ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಿಳಿ ಪೇಂಟಿಗೆ ಹಾಕೋದೂ ಅದನ್ನೇ. ಇನ್ನು ಆ ಕೆಂಪು, ಹಳೇ ಬೆಂಗಳೂರಿನ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪೇ, ಹೊಸಿಲಿಗೆ ಬಳಿಯೋ ಕೆಮ್ಮಣ್ಣಿನ ಕೆಂಪೇ. ಅಂದರೆ ಇದು ಡೈ ಅಲ್ಲ, ನೀರಲ್ಲಿ ಕರಗೋದೂ ಅಲ್ಲ. ಸಣ್ಣ ಸಣ್ಣ ಕಣಗಳು, ಸುತ್ತ ಎಣ್ಣೆ ಮತ್ತು ಸಿಲಿಕೋನ್.

ಇದು ತಿಳಿದ ಮೇಲೆ ಉಳಿದದ್ದೆಲ್ಲ ಸುಲಭ. ನಮ್ಮ ಮನೆಯಲ್ಲಿ ಬಟ್ಟೆ ಕಲೆಗೆ ಇದ್ದ ಔಷಧಿಗಳೆಲ್ಲ ಇದರ ಮುಂದೆ ಯಾಕೆ ಸೋಲುತ್ತವೆ ಅನ್ನೋದೂ ಗೊತ್ತಾಗುತ್ತೆ. ಅರಿಶಿನದ ಕಲೆ ಆದರೆ ಅತ್ತೆ ಸೋಪು ಹಚ್ಚಿ ಟೆರೇಸ್ ಮೇಲೆ ಬಿಸಿಲಿಗೆ ಹಾಕ್ತಾರೆ, ಸಂಜೆಗೆ ಮಾಯ. ಅರಿಶಿನದ ಬಣ್ಣ ಬೆಳಕಿಗೆ ಒಡೆದುಹೋಗುತ್ತೆ. ಐರನ್ ಆಕ್ಸೈಡ್ ಬಿಸಿಲಿಗೆ ಜಗ್ಗಲ್ಲ, ಜಗ್ಗಿದ್ದರೆ ಗೋಡೆಗೆ ಯಾರು ಬಳೀತಿದ್ದರು? ಕ್ಲೋರಿನ್ ಬ್ಲೀಚ್ ಕೂಡ ಅದನ್ನು ಬಿಳಿ ಮಾಡಲ್ಲ. ಆಗಲೇ ತುಕ್ಕು ಹಿಡಿದಿರೋ ಕಬ್ಬಿಣವನ್ನು ಇನ್ನೇನು ಆಕ್ಸಿಡೈಸ್ ಮಾಡ್ತೀರಿ? ಉಜಾಲಾ ಹಾಕಿದರೆ ಸುತ್ತಲಿನ ಬಟ್ಟೆ ಬೆಳ್ಳಗಾಗಿ ಕಲೆ ಇನ್ನಷ್ಟು ಎದ್ದು ಕಾಣುತ್ತೆ, ಅಷ್ಟೇ.

ಕಲೆ ಬಣ್ಣದ್ದು ಅಂತ ಕಂಡರೂ ಹಿಡಿದುಕೊಂಡಿರೋದು ಎಣ್ಣೆ. ಆದ್ದರಿಂದ ಮೊದಲು ನೀರು ಮುಟ್ಟಿಸಬಾರದು. ಈ ಒಂದು ಮಾತು ಬಿಟ್ಟು ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ. ಒಣಗಿರೋ ಕಾಲರನ್ನು ಹಾಗೇ ತಗೊಂಡು, ಮೇಲೆ ಮುದ್ದೆಯಾಗಿ ಕೂತಿರೋದನ್ನು ಚಮಚದ ಹಿಂಬದಿಯಿಂದ ಕೆರೆದು, ಪಾತ್ರೆ ತೊಳೆಯೋ ಲಿಕ್ವಿಡ್ ನೇರವಾಗಿ ಹಾಕಿ. ನಮ್ಮನೇಲಿ ವಿಮ್, ಯಾವುದಾದರೂ ಆದೀತು. ಸಾಂಬಾರ್ ಪಾತ್ರೆಯ ಜಿಡ್ಡು ಬಿಡಿಸೋ ಸಾಮಾನಿಗೆ ಇದು ದೊಡ್ಡ ಕೆಲಸವಲ್ಲ. ಕಾಲರನ್ನು ಮಗುಚಿ, ಕಲೆಯನ್ನು ಕೆಳಮುಖ ಮಾಡಿ ಹಳೇ ಬಿಳಿ ಬಟ್ಟೆ ಮೇಲಿಟ್ಟು, ಹಿಂಭಾಗದಿಂದ ಬೆರಳಲ್ಲಿ ಒತ್ತಿ. ಕೆಳಗಿನ ಬಟ್ಟೆಗೆ ಚಹಾ ಬಣ್ಣದ ವೃತ್ತ ಇಳಿಯುತ್ತೆ. ಅದು ಇಳಿಯೋದನ್ನು ನೋಡೋಕೆ ನನಗೆ ಎಂಥದೋ ಖುಷಿ, ಕೇಸು ಗೆದ್ದಾಗಲೂ ಇಷ್ಟು ಬೇಗ ಫಲ ಕಾಣಲ್ಲ. ಕಾಲು ಗಂಟೆ ಬಿಟ್ಟು, ಹಿಂದಿನಿಂದಲೇ ಉಗುರು ಬೆಚ್ಚಗಿನ ನೀರು ಹಾಯಿಸಿ. ಇನ್ನೂ ನೆರಳು ಉಳಿದಿದ್ದರೆ ಮತ್ತೊಮ್ಮೆ. ಹಲ್ಲುಜ್ಜೋ ಹಳೇ ಬ್ರಷ್ ಮೆತ್ತಗಿದ್ದರೆ ಸರಿ, ಬಟ್ಟೆ ಒಗೆಯೋ ಬ್ರಷ್ ಬೇಡ. ಅದು ಕಣಗಳನ್ನು ನೂಲಿನೊಳಕ್ಕೆ ತಳ್ಳುತ್ತೆ.

ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿ ಇಲ್ಲ. ನಮ್ಮ ರಸ್ತೆಯ ಇಸ್ತ್ರಿ ಗಾಡಿಯವರು ಕಾಲರ್ ನೋಡಿದ ಕೂಡಲೇ ವಾಪಸ್ ಕೊಟ್ಟಿದ್ದರು: "ಮೇಡಂ, ಇದರ ಮೇಲೆ ಪೆಟ್ಟಿಗೆ ಇಟ್ರೆ ಕಲೆ ಕೂತ್ಕೊಂಬಿಡುತ್ತೆ, ಆಮೇಲೆ ನನ್ನ ಕೇಳ್ಬೇಡಿ." ಅವರ ಇದ್ದಿಲ ಪೆಟ್ಟಿಗೆಯ ಶಾಖಕ್ಕೆ ಎಣ್ಣೆ ನೂಲಿನೊಳಗೆ ಇಳಿದುಬಿಡುತ್ತೆ. ಅವರೇ ಇನ್ನೊಂದು ಮಾತನ್ನೂ ಹೇಳಿದರು: ಗಂಜಿ ಹಾಕಿ.

ಗಂಜಿ ಅಂದರೆ ನಾನು ಖಡಕ್ಕಾಗಿ ನಿಲ್ಲೋಕೆ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇದೆ. ಗಂಜಿ ನೂಲಿನ ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ, ಜಿಡ್ಡೂ ಬಣ್ಣವೂ ಆ ಪದರದ ಮೇಲೇ ಹೆಚ್ಚಾಗಿ ಕೂರುತ್ತವೆ, ಒಗೆದಾಗ ಗಂಜಿಯ ಜೊತೆಗೇ ಕಳಚಿಕೊಳ್ಳುತ್ತವೆ. ಈಗ ನನ್ನ ಬ್ಯಾಂಡು, ಕಾಲರು ಎಲ್ಲಕ್ಕೂ ಅನ್ನದ ತಿಳಿಗಂಜಿ ಸೋಸಿ ಹಾಕ್ತೀನಿ. ಅಂಗಡಿಯಲ್ಲಿ ಸಿಗೋ ಪುಡಿಯೂ ಆಗುತ್ತೆ. ಆದರೆ ಅತ್ತೆಗೆ ಗಂಜಿಯನ್ನು ದುಡ್ಡು ಕೊಟ್ಟು ತರೋದು ಅಂದರೆ ಆಗಲ್ಲ, ಆ ವಾದದಲ್ಲಿ ನಾನು ಪ್ರತಿವಾದ ಹೂಡಿಲ್ಲ.

ಇನ್ನೊಂದು ಕಲೆ ಇದೆ, ಅದು ಕಂದಲ್ಲ. ಒಗೆಯೋ ಮುಂಚೆ ಕಾಣಿಸೋದೇ ಇಲ್ಲ, ಒಗೆದ ಮೇಲೆ ಕಿತ್ತಳೆ ಹಳದಿಯಾಗಿ ಎದ್ದು ಬರುತ್ತೆ. ಟ್ಯೂಬಿನ ಮೇಲೆ ಅವೊಬೆಂಜೋನ್ (ಅಲ್ಟ್ರಾವಯೊಲೆಟ್ ತಡೆಯೋ ಒಂದು ರಾಸಾಯನಿಕ) ಅಂತ ಇದ್ದರೆ ಅನುಮಾನ ಪಡಿ. ಅದು ನೀರಿನಲ್ಲಿರೋ ಕಬ್ಬಿಣದ ಜೊತೆ ಸೇರಿ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ. ಕಾವೇರಿ ನೀರಲ್ಲಿ ಒಗೆದಾಗ ನನಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. 2024ರ ಬೇಸಿಗೆಯಲ್ಲಿ ಊರಿನ ಬೋರುಗಳು ಒಣಗಿ, ಟ್ಯಾಂಕರ್‌ಗಾಗಿ ಜನ ಪರದಾಡಿದರಲ್ಲ, ಆಗ ನಮ್ಮ ಸಂಪಿಗೂ ಎಲ್ಲೆಲ್ಲಿಯದೋ ಬೋರ್ ನೀರು ಬಿತ್ತು, ಬಿಳಿ ಚೂಡಿದಾರದ ಕುತ್ತಿಗೆಯೆಲ್ಲ ಹಳದಿ. ಇದಕ್ಕೆ ಪಾತ್ರೆ ಲಿಕ್ವಿಡ್ ಸಾಲಲ್ಲ, ಹುಳಿ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಸಿಟ್ರಿಕ್ ಆಸಿಡ್ ಕೊಡ್ತಾರೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಹಾಕಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ಹುಳಿ ಕಬ್ಬಿಣವನ್ನು ಹಿಡಿದುಕೊಂಡು ಬಿಡಿಸುತ್ತೆ. ಬ್ಲೀಚ್ ಹಾಕಿದರೆ ಈ ಕಲೆ ಇನ್ನೂ ಗಾಢ ಆಗುತ್ತೆ. ಬ್ಲೀಚ್ ಮತ್ತು ಹುಳಿ ಒಂದೇ ಬಕೆಟ್‌ನಲ್ಲಂತೂ ಯಾವತ್ತೂ ಬೇಡ, ವಿಷದ ಕ್ಲೋರಿನ್ ಗಾಳಿ ಏಳುತ್ತೆ. ಬಿಳಿ ಹೊಳಪು ಬೇಕೆಂದರೆ ಕೊನೆಗೆ ವ್ಯಾನಿಶ್‌ನಂಥ ಆಕ್ಸಿಜನ್ ಪುಡಿಯಲ್ಲಿ ಬೇರೆಯಾಗಿ ನೆನೆಸಿ.

ಹಚ್ಚೋ ಕ್ರಮದಲ್ಲೂ ಒಂದಿಷ್ಟು ತಪ್ಪಿಸಬಹುದು. ಸ್ನಾನ ಆದ ಕೂಡಲೇ ಹಚ್ಚಿ, ತಿಂಡಿ ಮುಗಿಸಿ, ಆಮೇಲೆ ಬಟ್ಟೆ ಹಾಕ್ಕೊಳ್ತೀನಿ. ಕತ್ತಿಗೆ ಮೇಲೊಂದು ಕೈ ಪೌಡರ್. ಬ್ಯಾಂಡನ್ನು ಮನೆಯಿಂದ ಕಟ್ಟಿಕೊಂಡು ಹೋಗಲ್ಲ, ಕೋರ್ಟಿನ ಲೇಡೀಸ್ ರೂಮಲ್ಲೇ ಕಟ್ಟೋದು.

ರೇಷ್ಮೆಗೆ ಮೇಲಿನದ್ಯಾವುದೂ ಬೇಡ. ಮೈಸೂರು ಸಿಲ್ಕಿನ ಕುಪ್ಪಸಕ್ಕೆ ಹತ್ತಿದರೆ ಉಜ್ಜದೆ ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊಡವಿ, ಡ್ರೈಕ್ಲೀನಿಂಗಿಗೆ ಕೊಡಿ. ಜರಿ ಇದ್ದರೆ ಹುಳಿಯನ್ನು ಹತ್ತಿರವೂ ತರಬೇಡಿ. ಕರಿ ಕೋಟಿನ ಕಾಲರಿಗೂ ಡ್ರೈಕ್ಲೀನಿಂಗೇ. ಅದರ ಮೇಲೆ ಸನ್‌ಸ್ಕ್ರೀನ್ ಬೂದಿ ಬೂದಿಯಾಗಿ ಕಾಣುತ್ತೆ. ಅಂಗಡಿಯಲ್ಲಿ ಕೊಡುವಾಗ ಕಲೆ ಇರೋ ಜಾಗ ತೋರಿಸಿ, ಚೀಟಿಯಲ್ಲಿ ಬರೀ "ಕಲೆ" ಅಂತ ಬರೆಸದೆ "ಸನ್‌ಸ್ಕ್ರೀನ್, ಎಣ್ಣೆ ಜಿಡ್ಡು" ಅಂತ ಬರೆಸಿ. ನನ್ನದರಲ್ಲಿ ಒಂದು ಸಲ "ಸುಣ್ಣ" ಅಂತ ಬರೆದುಕೊಂಡಿದ್ದರು.